ಕಾಡುಜೇನಿಗೆ ಸಕ್ಕರೆ ನೀರು ಇಡಬೇಕೇ?

ಪ್ರಶ್ನೆ: ಸಿರ್ಸಿ ಹತ್ತಿರದ ಹಳ್ಳಿ ನಮ್ಮದು. ಎರಡು ಎಕರೆ ಅಡಿಕೆ ತೋಟ, ನಡುವೆ ಏಲಕ್ಕಿ, ಕಾಳುಮೆಣಸು, ಅಂಚಿನಲ್ಲಿ ಏಳೆಂಟು ತೆಂಗು. ನಾವು ಜೇನು ಸಾಕಿಲ್ಲ. ಆದರೆ ಹಿತ್ತಲಿನ ಹಲಸಿನ ಮರದ ಪೊಟರೆಯಲ್ಲಿ ತುಡುವೆ ಜೇನು ಇದೆ, ಹಳೇ ಮಣ್ಣಿನ ಗೋಡೆಯಲ್ಲಿ ಚುಚ್ಚದ ಪುಟ್ಟ ಮಿಸರಿ ಜೇನು ಇದೆ, ಕೊಟ್ಟಿಗೆಯ ಬಿದಿರು ಗಳದಲ್ಲಿ ದೊಡ್ಡ ಕಪ್ಪು ದುಂಬಿ ತೂತು ಕೊರೆದುಕೊಂಡಿದೆ. ಎರಡು ವರ್ಷದಿಂದ ಇವುಗಳ ಓಡಾಟ ಕಡಿಮೆಯಾದಂತೆ ಕಾಣುತ್ತಿದೆ. ಆಳು ಸಿಗದೆ ತೋಟಕ್ಕೆ ಕಳೆನಾಶಕ ಹೊಡೆಸಲು ಶುರು ಮಾಡಿದ್ದೂ ಆಗಲೇ. ಬೇಸಿಗೆಯಲ್ಲಿ ಬೆಳಗ್ಗೆ ಎದ್ದರೆ ಜಗುಲಿಯ ದೀಪದ ಕೆಳಗೆ ಜೇನುಗಳು ಸತ್ತು ಬಿದ್ದಿರುತ್ತವೆ. ಹೊಟ್ಟೆಗಿಲ್ಲದೆ ಸಾಯುತ್ತಿವೆ, ತಟ್ಟೆಯಲ್ಲಿ ಸಕ್ಕರೆ ನೀರು ಇಡು ಎನ್ನುತ್ತಾಳೆ ಮಗಳು. ಅಡಿಕೆಯ ಹೂಗೊಂಚಲು, ಸಿಂಗಾರ, ಇರುವಾಗ ಜೇನಿಗೆ ಏನು ಬರ ಎನ್ನುತ್ತಾರೆ ನಮ್ಮನೆಯವರು. ಪರಾಗದ ಬದಲಿಗೆ ಕೊಡುವ ಪುಡಿಯೂ ಪೇಟೆಯಲ್ಲಿ ಸಿಗುತ್ತದಂತೆ, ತಂದಿಡಬಹುದೇ? ಹೂಗಿಡ ನೆಡುವುದಾದರೆ ಯಾವುದು? ಇಲ್ಲ, ಒಂದೆರಡು ಪೆಟ್ಟಿಗೆ ಜೇನು ತಂದಿಟ್ಟರೆ ಸರಿಹೋದೀತೇ?

ಉತ್ತರ: ಸಕ್ಕರೆ ನೀರು ಇಡಬೇಡಿ, ಪುಡಿಗೂ ದುಡ್ಡು ಹಾಕಬೇಡಿ. ಪೆಟ್ಟಿಗೆ ಮತ್ತು ಹೂಗಿಡದ ಮಾತಿಗೆ ಆಮೇಲೆ ಬರುತ್ತೇನೆ. ಕಳೆನಾಶಕ ಹೊಡೆಸಲು ಶುರು ಮಾಡಿದ್ದಕ್ಕೂ ಜೇನಿನ ಓಡಾಟ ಇಳಿದದ್ದಕ್ಕೂ ನಂಟಿರಬಹುದೆಂಬ ಸಂಶಯ ನಿಮ್ಮ ಪತ್ರದಲ್ಲಿದೆ. ಆ ಸಂಶಯ ಸರಿಯಾದ ಜಾಗದಲ್ಲೇ ಇದೆ. ಜೇನುಗಳು ಹಸಿದಿವೆಯೇ ಎಂದರೆ, ಬಹುಶಃ ಹೌದು. ಆದರೆ ಆ ಹಸಿವು ಸಿಹಿಯಿಂದ ತೀರುವಂಥದ್ದಲ್ಲ.

ದೀಪದ ಕೆಳಗೆ ಸತ್ತು ಬೀಳುವ ಜೇನುಗಳ ವಿಷಯವನ್ನು ಮೊದಲು ಬೇರೆ ಇಡೋಣ. ಅವು ಬಹುತೇಕ ಹೆಜ್ಜೇನು. ಬೆಳುದಿಂಗಳಿನಲ್ಲೂ ಹಾರಿ ಹೂವಿಗೆ ಹೋಗಬಲ್ಲ ಜೇನು ಅದು. ಹಾಗಾಗಿ ರಾತ್ರಿಯಿಡೀ ಉರಿಯುವ ಬಲ್ಬಿನ ಸೆಳೆತಕ್ಕೆ ಸಿಕ್ಕು, ಸುತ್ತಿ ಸುತ್ತಿ ಸುಸ್ತಾಗಿ ಬೀಳುತ್ತದೆ. ಸತ್ತು ಬಿದ್ದದ್ದು ತುಡುವೆಗಿಂತ ಎದ್ದು ಕಾಣುವಷ್ಟು ದೊಡ್ಡದಾಗಿ, ಉದ್ದವಾಗಿ ಇದ್ದರೆ ಹೆಜ್ಜೇನೇ ಎಂದು ತಿಳಿಯಿರಿ; ಹತ್ತಿರದ ಎತ್ತರದ ಮರವೊಂದರಲ್ಲಿ ಅದರ ಹುಟ್ಟಿ ಇರುತ್ತದೆ. ಮಲಗುವ ಮುಂಚೆ ಹೊರಗಿನ ದೀಪ ಆರಿಸಿ. ಈ ಸಾವು ನಿಲ್ಲಲು ಅಷ್ಟು ಸಾಕು. ಹಸಿವಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಹಸಿವಿನ ಮಾತು. ಜೇನು ಎಂದರೆ ಸಿಹಿ ಎನ್ನುವುದು ನಮಗೆ ರೂಢಿ, ಏಕೆಂದರೆ ನಾವು ಅದರಿಂದ ತೆಗೆಯುವುದು ಜೇನುತುಪ್ಪವನ್ನು. ಜೇನು ಹೂವಿನಿಂದ ತರುವುದು ಎರಡನ್ನು. ಮಕರಂದ ಸಕ್ಕರೆಯ ದ್ರಾವಣ. ಅದು ಹಾರುವ ಶಕ್ತಿ, ಗೂಡನ್ನು ಬೆಚ್ಚಗಿಡುವ ಉರುವಲು. ಮೈ ಕಟ್ಟುವುದು ಪರಾಗ. ಪ್ರೋಟೀನು, ಕೊಬ್ಬು, ವಿಟಮಿನ್ನು, ಖನಿಜ ಎಲ್ಲವೂ ಬರಬೇಕಾದದ್ದು ಅಲ್ಲಿಂದಲೇ. ಮರಿ ಹುಳು ದೊಡ್ಡದಾಗುವುದು, ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುವುದು ಪರಾಗದ ಬಲದಿಂದ. ಗಂಡು ಜೇನಿಗೆ ಮಕರಂದವಿದ್ದರೆ ದಿನ ಕಳೆದೀತು. ಸಂತಾನ ಮುಂದುವರಿಯಬೇಕಾದರೆ ಪರಾಗ ಬೇಕೇ ಬೇಕು. ಸಕ್ಕರೆ ನೀರಿನಲ್ಲಿ ಅದರ ಲವಲೇಶವೂ ಇಲ್ಲ.

ಪರಾಗ ಇದ್ದ ಮಾತ್ರಕ್ಕೂ ಆಗಲಿಲ್ಲ. ಒಂದೊಂದು ಗಿಡದ ಪರಾಗಕ್ಕೆ ಒಂದೊಂದು ಗುಣ. ಒಣತೂಕದಲ್ಲಿ ನೂರಕ್ಕೆ ಮೂರು ಪಾಲೂ ಪ್ರೋಟೀನಿಲ್ಲದ ಪರಾಗಗಳಿವೆ, ಅರವತ್ತರ ಹತ್ತಿರ ಇರುವವೂ ಇವೆ. ಒಟ್ಟು ಪ್ರೋಟೀನು ಚೆನ್ನಾಗಿದ್ದರೂ ಅದರೊಳಗಿನ ಅಮೈನೋ ಆಮ್ಲಗಳ ಲೆಕ್ಕ ಬೇರೆ. ಸಾಕುಜೇನಿಗೆ ಆಹಾರದಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು ಹತ್ತು ಎಂದು 1953ರಲ್ಲೇ ಗೊತ್ತಾಗಿದೆ. ಒಂದು ಕೊರತೆಯಾದರೂ ಉಳಿದ ಒಂಬತ್ತು ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ಮೆಕ್ಕೆಜೋಳದ ಪರಾಗದಲ್ಲಿ ಹಿಸ್ಟಿಡಿನ್ ಎನ್ನುವ ಅಮೈನೋ ಆಮ್ಲದ್ದೇ ಕೊರತೆ; ಅದೊಂದನ್ನೇ ತಿಂದ ಜೇನುಗಳ ಆಯುಸ್ಸೂ ಕಡಿಮೆ, ಮರಿಗಳೂ ಕಡಿಮೆ. ನಿಮ್ಮ ಘಟ್ಟದ ಕೆರೆ-ಗುಡ್ಡ ದಾಟಿ ಹಾವೇರಿ ಕಡೆ ಇಳಿದರೆ ಕಣ್ಣು ಹಾಯುವ ತನಕ ಮೆಕ್ಕೆಜೋಳ. ಅಲ್ಲಿ ಪರಾಗಕ್ಕೇನೂ ಬರವಿಲ್ಲ, ಆದರೂ ಜೇನು ಸೊರಗುತ್ತದೆ. ನೀಲಗಿರಿಯದು ಇನ್ನೊಂದು ಬಗೆ. ಅದರ ಪರಾಗದಲ್ಲಿ ಕೊಬ್ಬು ಕಡಿಮೆ, ಅದರಲ್ಲೂ ಒಮೆಗಾ-3 ತೀರಾ ಕಡಿಮೆ. ಇಸ್ರೇಲಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮೆಗಾ-3 ಕೊರತೆಯ ಆಹಾರ ತಿಂದ ಜೇನುಗಳು ವಾಸನೆಯನ್ನು ಕಲಿತು ನೆನಪಿಡುವುದರಲ್ಲಿ ಹಿಂದೆ ಬಿದ್ದಿದ್ದವು. ಹೂವನ್ನು ಹುಡುಕಿ, ಗುರುತಿಟ್ಟು, ಗೂಡಿಗೆ ವಾಪಸು ಬರುವ ಜೀವಕ್ಕೆ ನೆನಪಿನ ಶಕ್ತಿ ಎಂದರೆ ಅನ್ನದ ದಾರಿ.

ಸ್ಟೆರಾಲ್ ಎನ್ನುವ ಕೊಬ್ಬಿನ ಜಾತಿಯ ವಸ್ತುವೂ ಇದೆ. ಕೀಟಗಳಿಗೆ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಬರುವುದಿಲ್ಲ, ಪರಾಗದಿಂದಲೇ ಸಿಗಬೇಕು. 2025ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಜೇನಿಗೆ ಬೇಕಾದ ಆರು ಸ್ಟೆರಾಲ್‌ಗಳನ್ನು ತಯಾರಿಸುವ ಯೀಸ್ಟ್ ರೂಪಿಸಿ, ಅದನ್ನು ಬೆರೆಸಿದ ಆಹಾರವನ್ನು ಸಾಕುಜೇನಿಗೆ ಮೂರು ತಿಂಗಳು ಕೊಟ್ಟು ನೋಡಿತು. ಕೋಶಾವಸ್ಥೆಗೆ ತಲುಪಿದ ಮರಿಗಳ ಸಂಖ್ಯೆ ಹದಿನೈದು ಪಟ್ಟಿನವರೆಗೆ ಏರಿತು. ಪೇಟೆಯ ಪುಡಿ ಬೇಡ ಎಂದದ್ದು ಇದಕ್ಕೇ. ಸೋಯಾ ಹಿಟ್ಟು, ಹಾಲಿನ ಪುಡಿ, ಸಕ್ಕರೆ ಕಲಸಿದ ಪುಡಿಯಲ್ಲಿ ಪ್ರೋಟೀನು ಇರುತ್ತದೆ, ಈ ಸ್ಟೆರಾಲ್‌ಗಳು ಇರುವುದಿಲ್ಲ. ಅದು ಪೆಟ್ಟಿಗೆ ಸಾಕುವವರು ಕಷ್ಟಕಾಲದಲ್ಲಿ ತಾತ್ಕಾಲಿಕವಾಗಿ ಕೊಡುವ ವಸ್ತು. ಗೋಡೆಯ ಮಿಸರಿಗೂ ಗಳದ ದುಂಬಿಗೂ ಅದನ್ನು ತಿನ್ನಿಸುವ ಉಪಾಯ ಯಾರಿಗೂ ಇಲ್ಲ. ನಿಮ್ಮ ಮಳೆಗಾಲದ ತೇವಕ್ಕೆ ಎರಡು ದಿನದಲ್ಲಿ ಬೂಸಲು ಹಿಡಿಯುತ್ತದೆ.

ನಿಮ್ಮ ಮನೆಯ ಸುತ್ತ ಇರುವ ಮೂರು ಜೇನುಗಳ (ಕಪ್ಪು ದುಂಬಿಯೂ ಜೇನಿನ ಜಾತಿಯೇ) ಬದುಕಿನ ರೀತಿ ಬೇರೆ ಬೇರೆ. ಹಸಿವು ಯಾವುದಕ್ಕೆ ಎಷ್ಟು ಬೇಗ ತಟ್ಟುತ್ತದೆ ಎನ್ನುವುದು ಅದರ ಮೇಲೆ ನಿಂತಿದೆ. ತುಡುವೆ ಸಂಸಾರವಂದಿಗ. ಪರಾಗವನ್ನು ತುಪ್ಪದೊಂದಿಗೆ ಹದಮಾಡಿ ಕೋಣೆಗಳಲ್ಲಿ ತುಂಬಿಡುತ್ತದೆ. ದಾದಿ ಜೇನುಗಳು ಅದನ್ನು ತಿಂದು, ತಮ್ಮ ಗ್ರಂಥಿಗಳಿಂದ ರಸ ಸುರಿಸಿ ಮರಿಗಳಿಗೆ ಉಣಿಸುತ್ತವೆ. ನಾಲ್ಕು ದಿನ ಹೂವಿಲ್ಲದಿದ್ದರೆ ದಾಸ್ತಾನು ಇದೆ, ನೂರಾರು ಜೇನುಗಳು ಬೇರೆ ಬೇರೆ ಹೂವಿಗೆ ಹೋಗಿ ತರುವುದರಿಂದ ಆಹಾರ ತಾನಾಗಿಯೇ ಮಿಶ್ರವಾಗುತ್ತದೆ. ಮಿಸರಿಯೂ ಸುಮಾರಾಗಿ ಹಾಗೆಯೇ. ಮೇಣ ಮತ್ತು ಅಂಟಿನ ಪುಟ್ಟ ಕುಡಿಕೆಗಳಲ್ಲಿ ತುಪ್ಪ ಒಂದು ಕಡೆ, ಪರಾಗ ಒಂದು ಕಡೆ ಕೂಡಿಡುತ್ತದೆ.

ಗಳದ ಕಪ್ಪು ದುಂಬಿಗೆ ಈ ಯಾವ ಆಸರೆಯೂ ಇಲ್ಲ. ನಮ್ಮ ನಾಡಿನ ಜೇನು ಜಾತಿಗಳಲ್ಲಿ ಹೆಚ್ಚಿನವು ಅದರ ಹಾಗೆ ಒಂಟಿ ಜೇನುಗಳೇ: ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸಿ ಒಯ್ಯುವ ಎಲೆಕತ್ತರಿ ಜೇನು, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಜೇನು, ನೆಲದಲ್ಲಿ ಬಿಲ ತೋಡುವ ಸಣ್ಣ ಸಣ್ಣ ಜೇನುಗಳು. ಇವುಗಳಲ್ಲಿ ತಾಯಿ ಒಬ್ಬಳೇ. ಅವಳು ಪರಾಗಕ್ಕೆ ಮಕರಂದ ಬೆರೆಸಿ ಉಂಡೆ ಕಟ್ಟಿ, ಅದರ ಮೇಲೆ ಒಂದು ಮೊಟ್ಟೆ ಇಟ್ಟು, ಕೋಣೆಯ ಬಾಗಿಲು ಮುಚ್ಚಿಬಿಡುತ್ತಾಳೆ. ಮರಿ ಹೊರಬರುವ ತನಕ ತಿನ್ನುವುದು ಆ ಒಂದೇ ಬುತ್ತಿ. ಬುತ್ತಿ ಚಿಕ್ಕದಾದರೆ ಮರಿ ಚಿಕ್ಕದಾಗುತ್ತದೆ, ಅದರಲ್ಲಿ ಏನಾದರೂ ಕೊರತೆಯಿದ್ದರೆ ಆಮೇಲೆ ತುಂಬಿಕೊಡುವವರು ಯಾರೂ ಇಲ್ಲ. ಒಂದು ಬುತ್ತಿಗೆ ಎಷ್ಟು ಹೂ ಬೇಕು? ಯುರೋಪಿನ 41 ಜಾತಿಯ ಒಂಟಿ ಜೇನುಗಳ ಲೆಕ್ಕ 2006ರಲ್ಲಿ ಪ್ರಕಟವಾಯಿತು. ನೂರಕ್ಕೆ 85 ಜಾತಿಗಳಿಗೆ ಒಂದು ಮರಿ ಬೆಳೆಸಲು ಮೂವತ್ತಕ್ಕಿಂತ ಹೆಚ್ಚು ಹೂಗಳ ಪೂರ್ತಿ ಪರಾಗ ಬೇಕಿತ್ತು. ಕೆಲವಕ್ಕೆ ಸಾವಿರಕ್ಕೂ ಹೆಚ್ಚು. ಇದು ಒಂದೇ ಒಂದು ಮರಿಯ ಲೆಕ್ಕ. ಅಂಗಳದಲ್ಲಿ ನಾಲ್ಕು ಹೂಕುಂಡ ಇಟ್ಟರೆ ಸಾಲದು ಎಂದು ನಾನು ಪದೇ ಪದೇ ಹೇಳುವುದು ಇದೇ ಕಾರಣಕ್ಕೆ.

ದುಂಬಿ ಬಿದಿರನ್ನು ತಿಂದು ಹಾಳುಮಾಡುತ್ತದೆ ಎಂದು ಕೊಟ್ಟಿಗೆಯಿಂದ ಓಡಿಸುವವರು ಬಹಳ ಜನ ಇದ್ದಾರೆ. ಅದು ಬಿದಿರು ತಿನ್ನುವುದಿಲ್ಲ. ಕೊರೆದ ಪುಡಿಯನ್ನು ಹೊರಗೆ ಉದುರಿಸುತ್ತದೆ, ಅಥವಾ ಕೋಣೆಗೂ ಕೋಣೆಗೂ ನಡುವೆ ಅಡ್ಡ ಕಟ್ಟಲು ಬಳಸುತ್ತದೆ. ಅದರ ಊಟವೂ ಹೂವಿನಲ್ಲೇ.

ಹೂ ಕಣ್ಣೆದುರು ಇದ್ದರೂ ಎಲ್ಲ ಜೇನಿಗೂ ಅದು ಊಟವಾಗುವುದಿಲ್ಲ. ನಿಮ್ಮ ಬದನೆ, ಟೊಮೆಟೊ ಹೂವನ್ನೇ ನೋಡಿ. ಮಕರಂದ ಇಲ್ಲ, ಪರಾಗವೆಲ್ಲ ಕೊಳವೆಯಂಥ ಕೇಸರದೊಳಗೆ, ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಗೆ ಬರಬೇಕು. ನೀಲಿಪಟ್ಟೆ ಜೇನು ಮತ್ತು ಕಪ್ಪು ದುಂಬಿ ಹೂವನ್ನು ತಬ್ಬಿ ಹಿಡಿದು ಮೈಯನ್ನು ಜೋರಾಗಿ ನಡುಗಿಸುತ್ತವೆ, ಪರಾಗ ಹಿಟ್ಟಿನಂತೆ ಉದುರುತ್ತದೆ. ಹತ್ತಿರ ಕಿವಿಗೊಟ್ಟರೆ ಗುಯ್ ಎನ್ನುವ ಸದ್ದು ಏರುವುದು ಕೇಳುತ್ತದೆ. ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಬೇಲಿಯಂಚಿನ ನೆಕ್ಕರಿಕದ ನೇರಳೆ ಬಣ್ಣದ ಹೂವೂ ಇದೇ ಬಗೆಯದ್ದು. ಮಳೆಗಾಲದಲ್ಲಿ ಈ ಜೇನುಗಳಿಗೆ ಅದು ದೊಡ್ಡ ಆಧಾರ, ನಾವು ಕಡಿದು ಎಸೆಯುವುದೂ ಅದನ್ನೇ. ದಾಸವಾಳದ ಪರಾಗ ದಪ್ಪ, ಮುಳ್ಳುಮುಳ್ಳು. ಕಾಲಿನ ಬುಟ್ಟಿಯಲ್ಲಿ ಒತ್ತಿ ಉಂಡೆ ಕಟ್ಟಲು ತುಡುವೆಗೆ ಕಷ್ಟ. ಆಳವಾದ ಹೂವಿನ ಮಕರಂದ ಉದ್ದ ನಾಲಿಗೆಯವರಿಗೆ, ತುಂಬೆ, ತುಳಸಿಯಂಥ ಪುಟ್ಟ ಹೂ ಸಣ್ಣವರಿಗೂ ಎಟುಕುತ್ತದೆ. ಅಂಗಳದ ಕಾಗದದ ಹೂ ಬಣ್ಣ ತುಂಬಿ ನಿಂತಿದ್ದರೂ ಅದರಲ್ಲಿ ಜೇನಿಗೆ ಸಿಗುವುದು ಅತ್ಯಲ್ಪ. ಪದರ ಪದರವಾಗಿ ಎಸಳು ತುಂಬಿಸಿದ ಹೊಸ ತಳಿಯ ಹೂಗಳೂ ಹಾಗೆಯೇ. ಕೇಸರ ಇರಬೇಕಾದ ಜಾಗವನ್ನೂ ಎಸಳೇ ತಿಂದುಕೊಂಡಿರುತ್ತದೆ.

ಇನ್ನು ನಿಮ್ಮನೆಯವರು ಹೇಳಿದ ಸಿಂಗಾರದ ಮಾತು. ಅದರಲ್ಲಿ ಅರ್ಧ ನಿಜ ಇದೆ. ಅಡಿಕೆ ಪರಾಗಸ್ಪರ್ಶಕ್ಕೆ ಮುಖ್ಯವಾಗಿ ಗಾಳಿಯನ್ನು ನಂಬಿದ ಮರ. ಸಿಂಗಾರದಲ್ಲಿ ಮೊದಲು ಗಂಡು ಹೂ ಅರಳುತ್ತವೆ, ಆ ದಿನಗಳಲ್ಲಿ ತುಡುವೆ, ಮಿಸರಿ ಎರಡೂ ಪರಾಗಕ್ಕೆ ಮುತ್ತುತ್ತವೆ. ಆದರೆ ಸಿಂಗಾರ ಹೆಚ್ಚಾಗಿ ಒಡೆಯುವುದು ಚಳಿಗಾಲದಿಂದ ಬೇಸಿಗೆಯ ತನಕ. ಅದೇ ಹೊತ್ತಿಗೆ ಕಾಡಿನಲ್ಲಿ ಬೂರುಗ, ಗೇರು, ಆಮೇಲೆ ನೇರಳೆ, ಹೊಂಗೆ ಹೂ ಬಿಡುತ್ತವೆ. ಅಂದರೆ ಉಳಿದ ಕಡೆಯೂ ಊಟ ಇರುವ ಕಾಲದಲ್ಲಿ ಅಡಿಕೆ ಇನ್ನಷ್ಟು ಬಡಿಸುತ್ತದೆ. ಜೂನ್ ಹಿಡಿದು ಸೆಪ್ಟೆಂಬರ್ ತನಕ ಅಡಿಕೆ ಕೊನೆಯಲ್ಲಿ (ಗೊನೆಯಲ್ಲಿ) ಕಾಯಿ ಇರುತ್ತದೆ, ಹೂ ಇರುವುದಿಲ್ಲ. ತೆಂಗು ತಿಂಗಳಿಗೊಂದು ಸಿಂಗಾರ ಬಿಡುತ್ತಾ ವರ್ಷವಿಡೀ ಕೈ ಹಿಡಿಯುತ್ತದೆ ನಿಜ, ಆದರೆ ಏಳೆಂಟು ಮರ ಎಷ್ಟು ಜನರಿಗೆ ಉಣಿಸೀತು? ಜಡಿಮಳೆಯಲ್ಲಿ ಪರಾಗ ತೊಯ್ದುಹೋಗುತ್ತದೆ, ಮಕರಂದ ನೀರಾಗುತ್ತದೆ, ಜೇನಿಗೆ ಹಾರಲು ಸಿಗುವುದೇ ಮಳೆ ಬಿಟ್ಟು ಹೊಳವಾದ ಒಂದೆರಡು ತಾಸು. ಆ ಒಂದೆರಡು ತಾಸಿನಲ್ಲಿ ಹತ್ತಿರದಲ್ಲೇ ಹೂ ಸಿಗಬೇಕು. ಹೆಜ್ಜೇನು ಆಹಾರ ತಪ್ಪಿದರೆ ಗೂಡನ್ನೇ ಬಿಟ್ಟು ನೂರು ಕಿಲೋಮೀಟರಿಗೂ ಆಚೆ ವಲಸೆ ಹೋಗಬಲ್ಲದು. ಸಣ್ಣ ಒಂಟಿ ಜೇನುಗಳ ಪ್ರಪಂಚ ಗೂಡಿನಿಂದ ಕೆಲವು ನೂರು ಮೀಟರು. ನಿಮ್ಮ ತೋಟ, ಪಕ್ಕದವರ ತೋಟ, ಅಷ್ಟೇ.

ಮಳೆಗಾಲದಲ್ಲಿ ಈ ಅಳತೆಯೊಳಗೆ ಊಟ ಹಾಕುತ್ತಿದ್ದದ್ದು ಯಾವುದು ಎಂದು ನೋಡಿದರೆ ಕಳೆನಾಶಕದ ವಿಷಯ ಸ್ಪಷ್ಟವಾಗುತ್ತದೆ. ಮುಟ್ಟಿದರೆ ಮುನಿಯ ಗುಲಾಬಿ ಚೆಂಡು, ಬೆಳಗಿನ ಹೊತ್ತು ಅರಳುವ ನೀಲಿ ಕನ್ನೆಸೊಪ್ಪು, ಮಳೆ ಇಳಿದಂತೆ ತುಂಬೆ. ಬಸಿಗಾಲುವೆಯ ಅಂಚಿನಲ್ಲಿ, ಧರೆಯ (ತೋಟದಂಚಿನ ಮಣ್ಣಿನ ದಿಬ್ಬದ) ಮೇಲೆ, ಯಾರೂ ನೆಡದೆ ಬೆಳೆಯುವವು. ಮುಟ್ಟಿದರೆ ಮುನಿ ಪರಾಗದ ಗಿಡ. ಮಳೆಗಾಲದಲ್ಲಿ ತುಡುವೆಯ ಕಾಲಿನ ಉಂಡೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಪರಾಗ ಎದುರಾಗುವುದು ಸಾಮಾನ್ಯ. ಕಳೆನಾಶಕ ಹೊಡೆದಾಗ ಜೇನು ಸ್ಥಳದಲ್ಲೇ ಸತ್ತು ಬೀಳುವುದಿಲ್ಲ, ಆದ್ದರಿಂದ ಅದಕ್ಕೇನೂ ಆಗಿಲ್ಲ ಎಂದುಕೊಳ್ಳುತ್ತೇವೆ. ಊಟದ ತಟ್ಟೆ ಖಾಲಿಯಾದದ್ದು ಮುಂದಿನ ಪೀಳಿಗೆಯಲ್ಲಿ ಕಾಣುತ್ತದೆ. ಅಲ್ಲದೆ ಬಹಳ ಕಡೆ ಬಳಕೆಯಲ್ಲಿರುವ ಗ್ಲೈಫೋಸೇಟ್ ಎಂಬ ಕಳೆನಾಶಕ, ಜೇನಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕುಗ್ಗಿಸಿ ಸೋಂಕಿಗೆ ದಾರಿ ಮಾಡುತ್ತದೆ ಎಂದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದ್ದಾರೆ.

ನನ್ನ ಸಲಹೆ ಇಷ್ಟು. ತೋಟದೊಳಗೆ ಕಳೆನಾಶಕ ನಿಲ್ಲಿಸಿ, ಕಳೆ ಕೊಚ್ಚುವ ಯಂತ್ರಕ್ಕೆ ಹೋಗಿ. ಯಂತ್ರ ಹೊಡೆದರೂ ಬೇರು ಉಳಿಯುತ್ತದೆ, ಮತ್ತೆ ಚಿಗುರಿ ಹೂ ಬರುತ್ತದೆ. ಇಡೀ ತೋಟವನ್ನು ಒಂದೇ ವಾರದಲ್ಲಿ ಬೋಳು ಮಾಡದೆ, ಒಂದು ಸಾಲು ಬಿಟ್ಟು ಒಂದು ಸಾಲು ಹೊಡೆಸಿ. ಮೊದಲಿನದು ಹೂವಿಗೆ ಬಂದ ಮೇಲೆ ಬಿಟ್ಟದ್ದನ್ನು ಹೊಡೆಸಿ. ಇದರಲ್ಲಿ ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಕಳೆ ಇದ್ದಲ್ಲಿ ಉಂಬಳ (ಜಿಗಣೆ) ಜಾಸ್ತಿ, ಹಾವಿನ ಭಯ, ಕೊನೆ ಕೊಯ್ಯುವಾಗ ಉದುರಿದ ಅಡಿಕೆ ಹೆಕ್ಕುವುದು ಕಷ್ಟ. ಆದ್ದರಿಂದ ಓಡಾಡುವ ದಾರಿ ಮತ್ತು ಮರದ ಬುಡ ಚೊಕ್ಕಟ ಇರಲಿ, ಧರೆ, ಬೇಲಿ, ಬಸಿಗಾಲುವೆಯ ಅಂಚು ಮಾತ್ರ ಹೂವಿಗೆ ಬಿಡಿ. ಲಂಟಾನ ಮತ್ತು ಪಾರ್ಥೇನಿಯಂಗೆ ಈ ರಿಯಾಯಿತಿ ಬೇಡ, ಕಿತ್ತು ಹಾಕಿ. ಲಂಟಾನಕ್ಕೆ ಜೇನು ಚಿಟ್ಟೆ ಬರುವುದು ನಿಜ, ಆದರೆ ಅದು ಉಳಿದ ಹತ್ತು ಗಿಡಗಳ ಜಾಗವನ್ನು ನುಂಗಿಬಿಡುತ್ತದೆ.

ನೆಡುವುದಾದರೆ ಮಳೆಗಾಲದ ಖಾಲಿ ಜಾಗ ತುಂಬುವುದನ್ನು ಮೊದಲು ನೆಡಿ. ಹಿತ್ತಲಿನಲ್ಲಿ ಸೌತೆ, ಹೀರೆ, ಹಾಗಲದ ಚಪ್ಪರ. ಅಂಗಳದಂಚಿಗೆ ತುಳಸಿ, ಕಾಮಕಸ್ತೂರಿ ಧಾರಾಳವಾಗಿ, ಒಂದಿಷ್ಟನ್ನು ಕುಡಿ ಚಿವುಟದೆ ಹೂವಿಗೆ ಬಿಟ್ಟು. ನಿಮ್ಮ ಏಲಕ್ಕಿಯೂ ಇದೇ ಕಾಲದಲ್ಲಿ ಹೂ ಬಿಡುತ್ತದೆ. ಅದರ ಒಂದು ಹೂವಿನ ಆಯುಸ್ಸು ಒಂದೇ ದಿನ. ಅಷ್ಟರೊಳಗೆ ಜೇನು ಬಂದರೆ ಕಾಯಿ, ಇಲ್ಲದಿದ್ದರೆ ಉದುರಿತು. ಏಲಕ್ಕಿಗೆ ತುಡುವೆಯೂ ನೀಲಿಪಟ್ಟೆ ಜೇನೂ ಬರುತ್ತವೆ, ಹಾಗಾಗಿ ಧರೆಯ ಕಳೆ ಉಳಿಸಿದರೆ ಏಲಕ್ಕಿಗೂ ಪ್ರಯೋಜನ. ಮಳೆ ಮುಗಿಯುವ ಹೊತ್ತಿಗೆ ಅರಳುವಂತೆ ಖಾಲಿ ಗದ್ದೆಯ ಬದುವಿಗೆ ಒಂದು ಹಿಡಿ ಹುಚ್ಚೆಳ್ಳು ಎರಚಿ. ಬೆಟ್ಟದಲ್ಲಿ ಜಾಗ ಇದ್ದರೆ ಮತ್ತಿ, ಹೊನ್ನೆ, ಅಂಟುವಾಳ, ನೇರಳೆ, ಹೀಗೆ ಒಂದಾದ ಮೇಲೊಂದು ಹೂವಿಗೆ ಬರುವ ಮರ ನೆಡಿ. ಅವು ಹೂ ಬಿಡಲು ವರ್ಷಗಳು ಹಿಡಿಯುತ್ತವೆ, ಅದಕ್ಕೇ ಇವತ್ತೇ ನೆಡಬೇಕು. ಅಲಂಕಾರಕ್ಕೆಂದು ನೀರುಕಾಯಿ ಮರ ಮಾತ್ರ ನೆಡಬೇಡಿ. ಆಫ್ರಿಕಾ ಮೂಲದ ಆ ಮರದ ಹೂವಿನೊಳಗೆ ಮಿಸರಿ ಜಾತಿಯ ಜೇನುಗಳು ಸತ್ತು ಬೀಳುವುದು ಬ್ರೆಜಿಲ್‌ನಲ್ಲಿ ದಾಖಲಾಗಿದೆ.

ಸಕ್ಕರೆ ನೀರು ಬೇಡ ಎನ್ನಲು ಇನ್ನೂ ಕಾರಣಗಳಿವೆ. ತೆರೆದ ತಟ್ಟೆಗೆ ಊರಿನ ಜೇನೆಲ್ಲ ಬರುತ್ತದೆ, ಒಂದರ ರೋಗ ಇನ್ನೊಂದಕ್ಕೆ ದಾಟುತ್ತದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಸಂಸಾರಗಳನ್ನು ಬಹುಪಾಲು ಅಳಿಸಿಹಾಕಿದ್ದು ನಿಮ್ಮ ಸೀಮೆಯ ಹಿರಿಯ ಜೇನುಗಾರರಿಗೆಲ್ಲ ನೆನಪಿದೆ. ಅದಲ್ಲದೆ ಇರುವೆ ಬರುತ್ತದೆ, ಪಾಕ ಹುಳಿಯುತ್ತದೆ, ಜೇನುಗಳು ಮುಳುಗಿ ಸಾಯುತ್ತವೆ. ಟೀ, ಜ್ಯೂಸು ಕುಡಿದು ಎಸೆದ ಕಾಗದದ ಲೋಟಗಳ ತಳದ ಸಿಹಿಗೆ ಇಳಿದು ಜೇನುಗಳು ರಾಶಿರಾಶಿ ಸಾಯುವುದರ ಬಗ್ಗೆ ತಮಿಳುನಾಡಿನ ಸಂಶೋಧಕರು 2011ರಲ್ಲೇ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದರು. ಬೆಲ್ಲದ ನೀರಂತೂ ಬೇಡವೇ ಬೇಡ, ಅದರ ಖನಿಜಾಂಶ ಜೇನಿಗೆ ಭೇದಿ ತರಿಸುತ್ತದೆ. ನೆಲದ ಮೇಲೆ ಸುಸ್ತಾಗಿ ಕೂತ ಒಂದು ಜೇನಿಗೆ ಚಮಚದ ತುದಿಯಲ್ಲಿ ಒಂದು ಹನಿ ಸಕ್ಕರೆ ನೀರು ಮಗಳು ಕೊಟ್ಟರೆ ತಪ್ಪಿಲ್ಲ. ಬೇಸಿಗೆಯಲ್ಲಿ ಅಗಲವಾದ ತಟ್ಟೆಗೆ ಕಲ್ಲು ಹರಳು ಹಾಕಿ ಬರೀ ನೀರು ಇಡಲಿ, ದಿನಾ ಬದಲಿಸಲಿ. ಗೊಬ್ಬರಗುಂಡಿಯ ಅಂಚಿನಲ್ಲೋ ಕೊಟ್ಟಿಗೆಯ ಗಂಜಲದ ಮೇಲೋ ಜೇನು ಕೂತಿದ್ದು ಕಂಡರೆ ಗಾಬರಿ ಬೇಡ. ಹೂವಿನಲ್ಲಿ ಉಪ್ಪಿನಂಶ ತೀರಾ ಕಡಿಮೆ, ಅದನ್ನು ಹುಡುಕಿಕೊಂಡು ಬಂದಿರುತ್ತವೆ.

ಪೆಟ್ಟಿಗೆ ತರುವ ವಿಚಾರಕ್ಕೆ ಈಗ ಬೇಡ ಎನ್ನುತ್ತೇನೆ. ಒಂದು ಪೆಟ್ಟಿಗೆ ಎಂದರೆ ಸಾವಿರಾರು ಬಾಯಿ. ಹೂ ಸಾಲದ ಜಾಗಕ್ಕೆ ಅದನ್ನು ತಂದರೆ ಮೊದಲು ಸೋಲುವುದು ಒಂಟಿ ಜೇನುಗಳು. ಹೊರಗಿನಿಂದ ಬಂದ ಸಂಸಾರದ ಜೊತೆ ರೋಗವೂ ಬಂದರೆ ಹಲಸಿನ ಪೊಟರೆಯ ತುಡುವೆಗೂ ಅಪಾಯ. ಎರಡು ಮಳೆಗಾಲ ಹೂ ಹೆಚ್ಚಿಸಿ ನೋಡಿ. ಓಡಾಟ ತಿರುಗಿ ಏರಿದರೆ ಆಮೇಲೆ ಒಂದು ತುಡುವೆ ಪೆಟ್ಟಿಗೆಯ ಬಗ್ಗೆ ಯೋಚಿಸಬಹುದು. ತಂದರೂ ನಿಮ್ಮ ಆಸುಪಾಸಿನ ಜೇನುಗಾರರಿಂದಲೇ ತನ್ನಿ.

ಏರಿದೆಯೋ ಇಲ್ಲವೋ ತಿಳಿಯಲು ಹೀಗೆ ಮಾಡಿ. ಹೊಳವಾದ ದಿನ ಬೆಳಗ್ಗೆ ಮಿಸರಿ ಗೂಡಿನ ಬಾಯಿಯ ಹತ್ತಿರ ಕೂತು, ಹತ್ತು ನಿಮಿಷದಲ್ಲಿ ಒಳಗೆ ಹೋಗುವ ಎಷ್ಟು ಜೇನುಗಳ ಹಿಂಗಾಲಿನಲ್ಲಿ ಪರಾಗ ಇದೆ, ಎಷ್ಟು ಬಣ್ಣದ್ದಿದೆ ಎಂದು ಮಗಳು ಎಣಿಸಿ ಬರೆದಿಡಲಿ. ಹಳದಿ, ಕಿತ್ತಳೆ, ಬಿಳಿ, ಬೂದು ಎಂದು ಮೂರು ನಾಲ್ಕು ಬಣ್ಣ ಕಂಡರೆ ಊಟದಲ್ಲಿ ವೈವಿಧ್ಯ ಇದೆ. ವಾರಗಟ್ಟಲೆ ಒಂದೇ ಬಣ್ಣ, ಅಥವಾ ಬರಿಗಾಲು ಎಂದಾದರೆ ಯಾವ ತಿಂಗಳು ಹಾಗಾಯಿತು ಎಂದು ಗುರುತು ಹಾಕಿಡಿ. ಮುಂದಿನ ವರ್ಷ ಆ ತಿಂಗಳಿಗೆ ಹೂ ಬಿಡುವ ಗಿಡ ಯಾವುದು ಎಂದು ಹುಡುಕುವುದಕ್ಕೆ ಆ ಪಟ್ಟಿಯನ್ನು ನನಗೂ ಕಳಿಸಿ.